ಶಾರ್ಟ್ ಸರ್ಕ್ಯೂಟ್ ಅಲ್ಲ, ಪೈಪಿನ ಮಸಿ

ಸಂಪಾದಕರೇ,

ನಮ್ಮ ಪಕ್ಕದವರ ಡ್ರೈಯರ್ ಮನೆಗೆ, ಅಂದರೆ ಕಟ್ಟಿಗೆ ಒಲೆಯ ಬಿಸಿಯಲ್ಲಿ ಅಡಿಕೆ ಒಣಗಿಸುವ ಕೋಣೆಗೆ, ಬೆಂಕಿ ಬಿದ್ದ ಸುದ್ದಿಗೆ ನೀವು 'ಶಾರ್ಟ್ ಸರ್ಕ್ಯೂಟ್ ಶಂಕೆ' ಅಂತ ಹಾಕಿದ್ದೀರಿ. ಆ ದಿನ ಸಂಜೆ ಏಳಕ್ಕೇ ಕರೆಂಟು ಹೋಗಿತ್ತು. ಬೆಂಕಿ ಕಂಡಿದ್ದು ರಾತ್ರಿ ಹನ್ನೊಂದೂವರೆಗೆ. ಕರೆಂಟು ವಾಪಸ್ ಬಂದಿದ್ದು ಮರುದಿನ ಮಧ್ಯಾಹ್ನ. ಇಲ್ಲದ ಕರೆಂಟು ಶಾರ್ಟ್ ಆಗುವುದು ಹೇಗೆ? ಬರೆಯುವ ಮೊದಲು ಅಕ್ಕಪಕ್ಕದವರನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಬೆಂಕಿ ಹತ್ತಿದ್ದು ಹೊಗೆ ಪೈಪಿನಲ್ಲಿ. ಅದು ನಮ್ಮ ಹಿತ್ತಿಲಿಗೆ ಹತ್ತೇ ಅಡಿ. ಮುರಿದು ಬಿದ್ದ ಪೈಪಿನ ತುಂಡನ್ನು ಬೆಳಿಗ್ಗೆ ನಾನೇ ಎತ್ತಿ ನೋಡಿದೆ. ಸುಡದ ಕಡೆ ಹೆಬ್ಬೆರಳು ದಪ್ಪ ಮಸಿ, ಟಾರು ಬಳಿದ ಹಾಗೆ ಮಿಂಚುತ್ತಿತ್ತು. ಸುಟ್ಟ ಕಡೆ ಜೇನುಗೂಡಿನ ಹಾಗೆ ಉಬ್ಬಿ ಕೂತಿತ್ತು. ಹೊಗೆ ಹೋಗಲು ಉಳಿದಿದ್ದ ಜಾಗ ಒಂದು ಮುಷ್ಟಿಯಷ್ಟು.

ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು, ಅಟ್ಟದ ಮೇಲೆ ಅಡಿಕೆ ಒಣಗಲಿಲ್ಲ, ಸರಿ. ನಮಗೂ ಅದೇ ಕಷ್ಟ. ಹಾಗಂತ ಹೋದ ತಿಂಗಳು ಕಡಿದ ಮರವನ್ನೇ ಒಲೆಗೆ ತುರುಕುವುದೇ? ಕಟ್ಟಿಗೆ ಸೀಳಿ, ಸೂರಿನಡಿ ಆರು ತಿಂಗಳಾದರೂ ಒಣಗಬೇಕು. ಹಸಿ ಕಟ್ಟಿಗೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಉರಿ ಬೆಳಗಿನ ತನಕ ಇರಲಿ ಅಂತ ಗಾಳಿ ಕಿಂಡಿಯನ್ನೂ ಮುಚ್ಚುತ್ತಾರೆ. ಆ ಹೊಗೆ ತಣ್ಣಗಿನ ಪೈಪಿಗೆ ತಾಗಿ ಅಂಟಾಗುತ್ತದೆ. ಇನ್ನೊಂದು ದಿನ ಒಣ ಸಿಪ್ಪೆ ಸುರಿದು ಜೋರು ಉರಿ ಮಾಡಿದರೆ ಆ ಅಂಟಿಗೇ ಬೆಂಕಿ ಹತ್ತುತ್ತದೆ. ನಾನು ಎರಡು ಸಲ ಹೇಳಿದ್ದೆ. ನಿಮ್ಮ ಕೆಲಸ ನೋಡಿಕೊಳ್ಳಿ ಅಂದರು.

ನನ್ನ ಕೆಲಸ ಏನಾಯಿತು ಗೊತ್ತೇ? ಬೇಯಿಸಿ ಜಗಲಿಯಲ್ಲಿ ಹರವಿದ್ದ ಅಡಿಕೆ ಬೆಂಕಿ ಆರಿಸುವ ನೀರಿನಲ್ಲಿ ನೆನೆದು ಈಗ ಬೂಷ್ಟು ಹಿಡಿದಿದೆ. ಅಮ್ಮನಿಗೆ ಮೊದಲೇ ಉಬ್ಬಸ, ಮೂರು ರಾತ್ರಿ ಕೂತೇ ಕಳೆದರು. ಹೊದೆಯುವ ಕಂಬಳಿಯೂ ಹೊಗೆ ವಾಸನೆ. ಅಷ್ಟು ಸಾಲದು ಅಂತ ಒಲೆಯ ಬೂದಿಯನ್ನು ತಂದು ನಮ್ಮ ಬೇಲಿ ಬುಡಕ್ಕೆ ಸುರಿದರು. ಮರುದಿನ ಕೋಲಿನಿಂದ ಕೆದಕಿದರೆ ಒಳಗೆ ಕೆಂಡ ಇನ್ನೂ ಕೆಂಪಗಿತ್ತು. ಪಕ್ಕದಲ್ಲೇ ಒಣ ಸೋಗೆ! ಮುಚ್ಚಳ ಇರುವ ಕಬ್ಬಿಣದ ಡಬ್ಬ ಒಂದು ಇಟ್ಟುಕೊಳ್ಳಲು ಎಷ್ಟು ದುಡ್ಡು ಬೇಕು?

ನನಗೆ ಜಾಸ್ತಿ ಭಯ ಆಗುವುದು ಒಲೆ ಕಾಯುವ ಹುಡುಗನ ವಿಷಯ. ಚಳಿ ಅಂತ ಬಾಗಿಲು ಹಾಕಿಕೊಂಡು ಅಲ್ಲೇ ಮಲಗುತ್ತಾನೆ. ಪೈಪು ಮಸಿಯಿಂದ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಂತಿ ಶುರುವಾದರೆ ಎದ್ದು ಹೊರಗೆ ಬರಬೇಕು ಅಂತ ಅವನಿಗೆ ಯಾರೂ ಹೇಳಿಲ್ಲ. ನಿದ್ದೆಯಲ್ಲಿದ್ದರೆ ಅದೂ ಗೊತ್ತಾಗುವುದಿಲ್ಲ. ಆ ರಾತ್ರಿ ಅವನು ಊಟಕ್ಕೆ ಹೋಗಿದ್ದ, ಬದುಕಿಕೊಂಡ.

ಡ್ರೈಯರ್‌ಗೆ ಸಬ್ಸಿಡಿ ಕೊಟ್ಟ ಅಧಿಕಾರಿಗಳು ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಇದು ಹೊಸತೂ ಅಲ್ಲ. 1980ರ ದಶಕದಲ್ಲಿ ನಮ್ಮನೆಗೆ ಅಸ್ತ್ರ ಒಲೆ ಹಾಕಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಒಳ್ಳೆಯ ಒಲೆ ಅದು, ಕಟ್ಟಿಗೆಯೂ ಉಳಿಯುತ್ತಿತ್ತು. ಹಾಕಿಸಿದವರು ಮಾತ್ರ ಹೊಗೆಕೊಳವೆ ಗುಡಿಸುವುದು ಹೇಗೆ ಅಂತ ತೋರಿಸಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಡುಗೆಮನೆ ತುಂಬ ಮತ್ತೆ ಹೊಗೆ. ಅಪ್ಪ ಹಗ್ಗಕ್ಕೆ ಗೋಣಿ ಸುತ್ತಿ, ಮಾಡು ಹತ್ತಿ ಗುಡಿಸುತ್ತಿದ್ದರು. ನಮ್ಮ ಕೇರಿಗೆ ಬರುವ ರಸ್ತೆಯೂ ಆಗಿನಿಂದ ಹಾಗೇ ಇದೆ. ಅಗ್ನಿಶಾಮಕದವರು ಪಾಪ ಬೇಗನೇ ಹೊರಟಿದ್ದರು, ಗುಂಡಿಗಳಲ್ಲಿ ಗಾಡಿ ಏಳಬೇಕಲ್ಲ.

ಡ್ರೈಯರ್ ಕೊಡುವವರು ಪೈಪ್ ಗುಡಿಸುವ ಬ್ರಷ್ಷನ್ನೂ ಕೊಡಲಿ, ಕೊಯ್ಲಿಗೆ ಮುಂಚೆ ಬಂದು ನೋಡಲಿ. ಆಗದಿದ್ದರೆ ಸಬ್ಸಿಡಿಯನ್ನೇ ನಿಲ್ಲಿಸಲಿ. ರಸ್ತೆಯನ್ನಾದರೂ ಮಾಡಲಿ. ಏನಾದರೂ ಒಂದು ಮಾಡಲಿ. ನೀವೂ ವರದಿ ತಿದ್ದಿ ಹಾಕಿ. ನಿನ್ನೆ ಹೊಸ ಪೈಪು ತಂದಿದ್ದಾರೆ. ಕಟ್ಟಿಗೆ ಮಾತ್ರ ಅದೇ, ಹಸಿಯದು, ನಮ್ಮ ಬೇಲಿಗೆ ಒರಗಿಸಿಯೇ ಇಟ್ಟಿದ್ದಾರೆ.

— ನೊಂದ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ