ಹಾಡು ಬರೆಯದವನ ಬದುಕು ಬರೆಯಹೊರಟ ತಮ್ಮನಿಗೆ

ಪ್ರೀತಿಯ ತಮ್ಮಾ,

ವೇಲ್ಸಿನ ಗಾಯಕ ಟಾಮ್ ಜೋನ್ಸ್ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಓದಿಕೊಂಡು ಬರೆದಿದ್ದೀಯ, ಸಂತೋಷ. ಆದರೆ ಒಂದು ತಕರಾರಿದೆ. ಅವನಿಗೆ ಹೆಸರು ತಂದ ಹಾಡುಗಳಲ್ಲಿ ಒಂದನ್ನೂ ಆತ ಬರೆದದ್ದಲ್ಲ. ನೀನು ಇದನ್ನು ಕೊರತೆ ಎಂದು ಎಣಿಸಿ, ಅದು ಕಾಣದಿರಲಿ ಅಂತ ಪ್ರಶಸ್ತಿ, ಮಾರಾಟ, ನೈಟ್‌ಹುಡ್ (‘ಸರ್’ ಪದವಿ) ಎಲ್ಲವನ್ನೂ ಅದರ ಮೇಲೆ ಪೇರಿಸಿದ್ದೀಯ. ನನ್ನ ಪ್ರಕಾರ ಅವನ ಕಥೆ ಇರುವುದೇ ನೀನು ಮುಚ್ಚಿದ ಜಾಗದಲ್ಲಿ. ಯಾರೋ ಬರೆದ ಹಾಡುಗಳಲ್ಲಿ ಯಾವುದನ್ನು ಎತ್ತಿಕೊಂಡ, ಯಾವುದನ್ನು ಬಿಟ್ಟ, ಯಾವುದಕ್ಕಾಗಿ ಕಾದ? ಇದನ್ನು ಹಿಡಿದು ಹೊರಟರೆ ಅರವತ್ತು ವರ್ಷದ ಹಾಡುಗಾರಿಕೆ ತಾನಾಗಿ ಒಂದು ದಾರಕ್ಕೆ ಬರುತ್ತದೆ.

ಮೊದಲು ಬಾಲ್ಯ. ದಕ್ಷಿಣ ವೇಲ್ಸಿನ ಪಾಂಟಿಪ್ರಿಡ್ ಪಕ್ಕದ ಟ್ರೆಫಾರೆಸ್ಟ್, 1940, ಕಲ್ಲಿದ್ದಲು ಗಣಿ ಕಾರ್ಮಿಕನ ಮಗ ಥಾಮಸ್ ಜಾನ್ ವುಡ್‌ವರ್ಡ್. ಇಷ್ಟನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದೀಯ, ಸರಿಯಾಗಿದೆ. ಆದರೆ ಹನ್ನೆರಡನೇ ವಯಸ್ಸಿನ ಕ್ಷಯರೋಗವನ್ನೂ ಅದೇ ಎರಡು ವಾಕ್ಯದೊಳಗೆ ತುರುಕಿದರೆ ಹೇಗೆ? ಹುಡುಗ ಸುಮಾರು ಎರಡು ವರ್ಷ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಹೊರಗೆ ಓರಗೆಯವರು ಆಡುತ್ತಿದ್ದರು, ಒಳಗೆ ಇವನಿಗೆ ರೇಡಿಯೋ. ಅಮೆರಿಕದ ಬ್ಲೂಸ್ ಹಾಡು, ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆ ಕಿವಿಗೆ ಬಿದ್ದದ್ದು ಆ ರೇಡಿಯೋದಿಂದ. ಬೀದಿಯಲ್ಲಿ ಕಾಣುತ್ತಿದ್ದ ದೀಪದ ಕಂಬದವರೆಗೆ ನಡೆದು ಹೋಗುವಂತಾದರೆ ಇನ್ನೆಂದೂ ಯಾವುದಕ್ಕೂ ಗೊಣಗುವುದಿಲ್ಲ ಅಂದುಕೊಂಡಿದ್ದೆ ಎಂದು ಆತನೇ ಮುಂದೆ ಹೇಳಿದ್ದಾನೆ. ಆ ಶ್ವಾಸಕೋಶ ಇಟ್ಟುಕೊಂಡು ಅಪ್ಪನ ಹಿಂದೆ ಗಣಿಗೆ ಇಳಿಯುವ ಮಾತಂತೂ ಇರಲಿಲ್ಲ. ಎಂಬತ್ತು ದಾಟಿದ ಮೇಲೂ ವೇದಿಕೆ ನಡುಗಿಸುವ ದನಿ ಇವನದು. ಅದು ಹೊರಟಿದ್ದು ರೋಗ ಹಿಡಿದ ಎದೆಯಿಂದ. ಇಲ್ಲಿ ಒಂದು ಪುಟ ನಿಲ್ಲು, ಯಾರೂ ಬೇಡ ಅನ್ನುವುದಿಲ್ಲ.

ಹದಿನಾರಕ್ಕೆ ಲಿಂಡಾಳ ಜೊತೆ ಮದುವೆ, ಮರುತಿಂಗಳೇ ಮಗ ಮಾರ್ಕ್. ಕೈಗವಸಿನ ಕಾರ್ಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಮೆ. ರಾತ್ರಿ ಕಾರ್ಮಿಕರ ಕ್ಲಬ್ಬುಗಳಲ್ಲಿ ಹಾಡು. ಈ ಕ್ಲಬ್ಬುಗಳನ್ನು ನೀನು ‘ಹೋರಾಟದ ದಿನಗಳು’ ಎಂಬ ಮಾಮೂಲು ಡಬ್ಬಿಗೆ ಹಾಕಿಬಿಟ್ಟೆ. ಯೋಚಿಸಿ ನೋಡು. ದಿನವಿಡೀ ಮೈಮುರಿದು ದುಡಿದು ಬಂದು ಬಿಯರ್ ಹಿಡಿದು ಕೂತವರು ಕೇಳುಗರು. ಹಾಡು ಹಿಡಿಸದಿದ್ದರೆ ಮಾತಿಗೆ ತೊಡಗುತ್ತಾರೆ, ಅಷ್ಟೇ. ಆ ಗದ್ದಲದ ಮೇಲೆ ದನಿ ಎತ್ತಿ, ಅವರನ್ನು ತನ್ನ ಕಡೆ ತಿರುಗಿಸಿಕೊಳ್ಳಲು ಯಾವ ಹಾಡು ಸಾಕಾಗುತ್ತದೆ, ಯಾವುದು ಸಾಲದು ಎಂಬ ಅಂದಾಜು ಅಲ್ಲಿ ಹುಟ್ಟಿರಬೇಕು ಅಂತ ನನಗನ್ನಿಸುತ್ತದೆ.

ಆಮೇಲೆ ಮ್ಯಾನೇಜರ್ ಆಗಿ ಗಾರ್ಡನ್ ಮಿಲ್ಸ್ ಬಂದ, ಲಂಡನ್ನಿಗೆ ಕರೆದೊಯ್ದ, ಹೆಸರನ್ನು ಟಾಮ್ ಜೋನ್ಸ್ ಎಂದು ಬದಲಾಯಿಸಿದ. 1964ರ ಮೊದಲ ರೆಕಾರ್ಡ್ ನಡೆಯಲಿಲ್ಲ. ‘ಇಟ್ಸ್ ನಾಟ್ ಅನ್‌ಯೂಶುವಲ್’ ಲೆಸ್ ರೀಡ್ ಜೊತೆ ಸೇರಿ ಮಿಲ್ಸ್ ಬರೆದದ್ದು, ಅದೂ ಸ್ಯಾಂಡಿ ಶಾ ಎಂಬ ಗಾಯಕಿಗಾಗಿ. ಅವಳಿಗೆ ಕೇಳಿಸಲೆಂದು ಡೆಮೊ ಹಾಡಿದವನು ಇವನು. ಅವಳು ಒಲ್ಲೆ ಎಂದಳು, ಹಾಡು ಇವನ ಪಾಲಾಯಿತು, 1965ರ ಮಾರ್ಚಿನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನೀನು ಇದನ್ನು ಅದೃಷ್ಟ ಅಂದೆ. ಇರಬಹುದು. ಆದರೆ ಬೇರೆಯವರಿಗೆ ಮಾದರಿಯಾಗಿ ಹಾಡುವಾಗಲೂ ಆತ ಎಂಥ ದನಿ ಹಾಕಿರಬೇಕು ಎಂದು ಒಂದು ಸಾಲಾದರೂ ಕೇಳಿಕೊಳ್ಳಬೇಡವೇ?

ಈಗ 1966. ಆ ವರ್ಷದ ಅಕ್ಟೋಬರ್ 21ರಂದು, ಪಾಂಟಿಪ್ರಿಡ್‌ನಿಂದ ಟಾಫ್ ನದಿಯ ಕಣಿವೆಯಲ್ಲಿ ಕೆಲವೇ ಮೈಲಿ ಮೇಲಿರುವ ಆಬರ್‌ಫ್ಯಾನ್‌ನಲ್ಲಿ ಗಣಿಯ ಕಸದ ಗುಡ್ಡ ಕುಸಿದು ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಡಿಸೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿ ಏಳು ವಾರ ಅಲ್ಲೇ ನಿಂತ ಹಾಡು ‘ಗ್ರೀನ್, ಗ್ರೀನ್ ಗ್ರಾಸ್ ಆಫ್ ಹೋಮ್’: ಊರಿಗೆ ಮರಳುವ ಕನಸು ಕಂಡು ಸೆರೆಮನೆಯಲ್ಲಿ ಎಚ್ಚರಾಗುವ, ಗಲ್ಲಿಗೆ ಹೊರಟ ಕೈದಿಯ ಹಾಡು. ಅಪ್ಪಟ ಅಮೆರಿಕನ್ ಕಂಟ್ರಿ ಸಂಗೀತ, ಬರೆದವನು ಕರ್ಲಿ ಪಟ್‌ಮನ್. ಅಮೆರಿಕದ ಗಾಯಕ ಜೆರ್ರಿ ಲೀ ಲೂಯಿಸ್‌ನ ರೆಕಾರ್ಡ್‌ನಲ್ಲಿ ಕೇಳಿ ಇವನೇ ಆರಿಸಿಕೊಂಡದ್ದು. ಆ ದುಃಖದಿಂದಲೇ ಹಾಡು ಗೆದ್ದಿತು ಎಂದು ಬರೆಯಬೇಡ, ಅದಕ್ಕೆ ಪುರಾವೆ ಇಲ್ಲ. ಎರಡನ್ನೂ ತಾರೀಖಿನೊಡನೆ ಪಕ್ಕಪಕ್ಕ ಇಡು, ಗಂಟು ಹಾಕಬೇಡ. ಗಂಟು ಬೇಕೋ ಬೇಡವೋ ಓದುಗ ನೋಡಿಕೊಳ್ಳುತ್ತಾನೆ.

ಲಾಸ್ ವೇಗಾಸ್‌ಗೆ ಮೂರು ಪ್ಯಾರಾ ಕೊಟ್ಟಿದ್ದೀಯ. ಹೆಂಗಸರು ವೇದಿಕೆಗೆ ಒಳಉಡುಪು ಎಸೆದ ಕಥೆಗೇ ಒಂದೂವರೆ! ಮೂರನ್ನೂ ಒಂದು ಮಾಡು. ಎಲ್ವಿಸ್ ಜೊತೆಗಿನ ಸ್ನೇಹ ಇರಲಿ. ಪರಸ್ತ್ರೀಯರ ಸಂಗ ಗುಟ್ಟೇನಲ್ಲ, ಆತನೇ ಒಪ್ಪಿಕೊಂಡದ್ದು. ಮುಚ್ಚಬೇಡ, ಚಪ್ಪರಿಸಲೂ ಬೇಡ. 1957ರಲ್ಲಿ ಕೈಹಿಡಿದ ಲಿಂಡಾ 2016ರಲ್ಲಿ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಅವನ ಹೆಂಡತಿಯಾಗಿಯೇ ಇದ್ದಳು. ಆ ದಾಂಪತ್ಯದ ಬಗ್ಗೆ ನಿನಗೂ ನನಗೂ ತೀರ್ಪು ಕೊಡುವ ಅಧಿಕಾರವಿಲ್ಲ.

‘ಡಿಲೈಲಾ’ ಹಾಡನ್ನು ಮಾತ್ರ ನೀನು ಹೆಸರು ಹೇಳಿ ದಾಟಿಬಿಟ್ಟೆ. ಇದು ನನಗೆ ಸೇರಲಿಲ್ಲ. ಮೋಸ ಮಾಡಿದಳೆಂದು ಹೆಣ್ಣನ್ನು ಚೂರಿಯಿಂದ ಇರಿದು ಕೊಲ್ಲುವವನು ಹಾಡುವ ಹಾಡು ಅದು. 1968ರದು. ವೇಲ್ಸಿನ ರಗ್ಬಿ ಪಂದ್ಯಗಳಲ್ಲಿ ಸಾವಿರಾರು ಜನ ಅದನ್ನು ಒಟ್ಟಾಗಿ ಹಾಡಿಕೊಂಡು ಬಂದವರು. 2023ರಲ್ಲಿ ಅಲ್ಲಿನ ರಗ್ಬಿ ಸಂಸ್ಥೆ ಕಾರ್ಡಿಫ್‌ನ ಕ್ರೀಡಾಂಗಣದಲ್ಲಿ ಗಾಯನವೃಂದಗಳು ಇದನ್ನು ಹಾಡುವುದನ್ನು ನಿಲ್ಲಿಸಿತು. ಅದೇ ಬೇಸಿಗೆಯಲ್ಲಿ ಅದೇ ಊರಿನ ಕೋಟೆಯ ಬಯಲಲ್ಲಿ ಟಾಮ್ ಜೋನ್ಸ್ ಅದನ್ನು ಹಾಡಿದ. ಜನಪ್ರಿಯತೆಯ ಬಗ್ಗೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗುತ್ತದೆ? ಲಕ್ಷ ಜನಕ್ಕೆ ಬಾಯಿಪಾಠವಾದ ಹಾಡು ಹಾಡುಗಾರನ ಕೈಯಲ್ಲೂ ಉಳಿಯುವುದಿಲ್ಲ. ಮೆಚ್ಚಿದವನ ಮೇಲೆ ಬರೆಯುವಾಗ ಮುಜುಗರದ ಸಂಗತಿ ಬಂದರೆ ಅಲ್ಲಿ ನಿಧಾನ ಮಾಡು.

ಎಪ್ಪತ್ತರ ದಶಕದ ನಡುವಿನಿಂದ 1986ರವರೆಗೆ ಬ್ರಿಟನ್ನಿನಲ್ಲಿ ದೊಡ್ಡ ಹಾಡಿಲ್ಲ. ಆ ವರ್ಷ ಮಿಲ್ಸ್ ತೀರಿಕೊಂಡ, ಮಗ ಮಾರ್ಕ್ ಮ್ಯಾನೇಜರ್ ಆದ. 1987ರಲ್ಲಿ ‘ಎ ಬಾಯ್ ಫ್ರಮ್ ನೋವೇರ್’, ಮರುವರ್ಷ ಆರ್ಟ್ ಆಫ್ ನಾಯ್ಸ್ ತಂಡದ ಜೊತೆ ಅಮೆರಿಕದ ಗಾಯಕ ಪ್ರಿನ್ಸ್‌ನ ‘ಕಿಸ್’. ಐವತ್ತರ ಅಂಚಿನಲ್ಲಿದ್ದವನನ್ನು ಹೊಸ ಹುಡುಗರು ಕೇಳತೊಡಗಿದರು. ಆದರೆ ನನ್ನ ಮಟ್ಟಿಗೆ ಮುಖ್ಯವಾದದ್ದು 2010ರ ‘ಪ್ರೇಸ್ ಆ್ಯಂಡ್ ಬ್ಲೇಮ್’. ಅಬ್ಬರ ಬಿಟ್ಟು, ಕೆಲವೇ ವಾದ್ಯ ಇಟ್ಟುಕೊಂಡು ಗಾಸ್ಪೆಲ್, ಬ್ಲೂಸ್ ಹಾಡಿದ. ರೆಕಾರ್ಡ್ ಕಂಪನಿಯ ಒಬ್ಬ ಹಿರಿಯ ಅಧಿಕಾರಿ, ದುಡ್ಡು ಕೊಟ್ಟದ್ದು ಭಜನೆಗಲ್ಲ ಎಂಬ ಧಾಟಿಯಲ್ಲಿ ಗೊಣಗಿದ ಇ-ಮೇಲ್ ಹೊರಬಿತ್ತು. ಆಲ್ಬಮ್ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೇರಿತು. ಹಾಸಿಗೆಯ ಹುಡುಗ ರೇಡಿಯೋದಲ್ಲಿ ಕೇಳಿದ್ದ ಸಂಗೀತ ಅದು. ಇದನ್ನು ನೀನು ಗಮನಿಸಿಯೇ ಇಲ್ಲ.

ಇನ್ನೊಂದು ಬಿಟ್ಟಿದ್ದೀಯ. ಎಪ್ಪತ್ತರ ದಶಕದಲ್ಲಿ ವೇಗಾಸ್‌ನಲ್ಲಿ ಬಾಬಿ ಕೋಲ್ ಎಂಬ ಸಂಗೀತಗಾರ ತಾನು ಬರೆದ ‘ಐ ಆ್ಯಮ್ ಗ್ರೋಯಿಂಗ್ ಓಲ್ಡ್’ ಎಂಬ ಹಾಡನ್ನು ಕೊಟ್ಟ. ಇವನಿಗಾಗ ಮೂವತ್ತರ ಆಸುಪಾಸು. ಹಾಡು ಚೆನ್ನಾಗಿದೆ, ನನಗೆ ಅಷ್ಟು ವಯಸ್ಸಾಗಿಲ್ಲ ಅಂದ, ತೆಗೆದಿಟ್ಟುಕೊಂಡ. ಹಾಡಿದ್ದು 2021ರ ‘ಸರೌಂಡೆಡ್ ಬೈ ಟೈಮ್’ ಆಲ್ಬಮ್‌ನಲ್ಲಿ, ಎಂಬತ್ತರಲ್ಲಿ. ಆ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಮೂವತ್ತರಲ್ಲೇ ಹಾಡಿದ್ದರೆ ದನಿ ಇನ್ನೂ ಗಟ್ಟಿಯಾಗಿಯೇ ಇರುತ್ತಿತ್ತು, ಆದರೆ ಹಾಡಿನ ಮುದುಕ ವೇಷ ಹಾಕಿದವನಂತೆ ಕೇಳುತ್ತಿದ್ದ. ನಿನ್ನ ಬರಹವನ್ನು ಈ ಹಾಡಿನಿಂದ ಶುರು ಮಾಡಿ ನೋಡು. ಹುಟ್ಟಿದ ತಾರೀಖಿನಿಂದ ಶುರು ಮಾಡಬೇಕೆಂಬ ಕಟ್ಟಳೆ ಏನಿಲ್ಲ.

ನೈಟ್‌ಹುಡ್ 2006ರದ್ದು, ನೀನು 1999 ಅಂದಿದ್ದೀಯ. 1999ರಲ್ಲಿ ಬಂದದ್ದು ಓಬಿಇ, ಅದಕ್ಕಿಂತ ಕೆಳಗಿನ ಗೌರವ. ತಿದ್ದಿಕೋ. ‘ಗಾನಗಂಧರ್ವ’ ಎಂಬ ವಿಶೇಷಣ ಐದು ಕಡೆ ಬಂದಿದೆ, ಐದನ್ನೂ ತೆಗೆ. ತಿದ್ದಿದ ಪ್ರತಿ ಅವಸರವಿಲ್ಲದೆ ಕಳಿಸು. ಬಾಲ್ಯದ ಭಾಗ ಉದ್ದವಾಯಿತೆಂದು ಕತ್ತರಿಸಲು ಹೋಗಬೇಡ, ಅದನ್ನು ಆಮೇಲೆ ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ಅಣ್ಣ