ಇಪ್ಪತ್ತೆರಡು ಗಂಟೆಯ ಲೆಕ್ಕ

ದುಬೈ
ಆಗಸ್ಟ್ 2

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ಸಿಂಚುಗೆ ಪ್ರೀತಿಯ ನೆನಪುಗಳು.

ಮೊನ್ನೆ ಫೋನಿನಲ್ಲಿ ಸಿಂಚು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಕಾಲೇಜು ಮುಗೀತು, ಇನ್ನು ಜನವರಿವರೆಗೆ ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಎರಡನೇ ಹಂತದ ಪರೀಕ್ಷೆ) ಬಿಟ್ಟು ಬೇರೆ ಏನೂ ಇಲ್ಲ, ದಿನಕ್ಕೆ ಎಷ್ಟು ಗಂಟೆ ಓದಲಿ ಅಂತ ಕೇಳಿದಳು. ಅದು ಒಂದು ಮಾತಿನಲ್ಲಿ ಹೇಳುವ ವಿಷಯವಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪ, ನೀವೂ ಓದಿ. ನಡುವೆ ನಿಮಗೂ ಅಮ್ಮನಿಗೂ ಹೇಳಬೇಕಾದ್ದು ಇದೆ.

ಸಿಂಚು, ಯೋಜನೆಯನ್ನು ಇವತ್ತಿನಿಂದ ಮುಂದಕ್ಕೆ ಹಾಕಬೇಡ, ಪರೀಕ್ಷೆಯಿಂದ ಹಿಂದಕ್ಕೆ ಹಾಕು. ಇಂಟರ್ ಪೇಪರುಗಳು ಸಾಮಾನ್ಯವಾಗಿ ದಿನ ಬಿಟ್ಟು ದಿನ ಬರುತ್ತವೆ, ಮಧ್ಯಾಹ್ನ 2ರಿಂದ 5ರವರೆಗೆ. ಒಂದು ಪೇಪರು ಸಂಜೆ 5ಕ್ಕೆ ಮುಗಿದರೆ ಮುಂದಿನದು ನಾಡಿದ್ದು 2 ಗಂಟೆಗೆ. ನಡುವೆ 45 ಗಂಟೆ. ಎರಡು ರಾತ್ರಿಯ ನಿದ್ದೆಗೆ 14 ತೆಗೆ. ಸೆಂಟರಿನಿಂದ ಮನೆಗೆ ಬರಲು 2, ಮತ್ತೆ ಹೋಗಿ ಗೇಟಿನ ಬಳಿ ಕಾಯಲು ಎರಡೂವರೆ, ಊಟ, ಸ್ನಾನ, ಸ್ವಲ್ಪ ಸುಧಾರಿಸಿಕೊಳ್ಳಲು ನಾಲ್ಕೂವರೆ. ಉಳಿಯೋದು 22 ಗಂಟೆ. ಅಡ್ವಾನ್ಸ್ಡ್ ಅಕೌಂಟಿಂಗ್ ಆಗಲಿ, ಟ್ಯಾಕ್ಸ್ ಆಗಲಿ, ಇಡೀ ಪೇಪರು ಆ 22 ಗಂಟೆಯೊಳಗೆ ಇನ್ನೊಮ್ಮೆ ಕಣ್ಣ ಮುಂದೆ ಹಾದುಹೋಗಬೇಕು. ಈ ಐದು ತಿಂಗಳಲ್ಲಿ ಮಾಡುವುದೆಲ್ಲ ಅದಕ್ಕಾಗಿಯೇ. ಒಂದು ಅಧ್ಯಾಯಕ್ಕೆ 40 ಪುಟ ನೋಟ್ಸ್ ಮಾಡುವ ಮುಂಚೆ, ಇದನ್ನು ಹಿಂದಿನ ದಿನ ಓದೋಕೆ ಆಗುತ್ತಾ ಅಂತ ಕೇಳಿಕೋ.

ಈಗ ದಿನಗಳ ಲೆಕ್ಕ. ಮೇ 1ರೊಳಗೆ ನಿನ್ನ ನೋಂದಣಿ ಆಗಿದೆ, ಹಾಗಾಗಿ ಎಂಟು ತಿಂಗಳ ಅಧ್ಯಯನದ ಅವಧಿ ಜನವರಿಗೆ ಸರಿಹೋಗುತ್ತದೆ. ಆಗಸ್ಟ್ 10ರಿಂದ ಡಿಸೆಂಬರ್ 31ರವರೆಗೆ 144 ದಿನ. ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿಗೆ 8 ದಿನ ಬಿಡು. ಜ್ವರ, ತಲೆನೋವು, ಕರೆಂಟು ಹೋದದ್ದು, ಮನಸ್ಸೇ ಇಲ್ಲದ ದಿನ ಅಂತ ಇನ್ನೊಂದು 6. ಇವನ್ನು ಮೊದಲೇ ಬಿಟ್ಟಿರಬೇಕು. ಇಲ್ಲದಿದ್ದರೆ ಮೂರನೇ ವಾರದಲ್ಲೇ ಟೈಮ್‌ಟೇಬಲ್ ತಪ್ಪುತ್ತದೆ, ತಪ್ಪಿದ್ದನ್ನು ಹಿಡಿಯುವ ಭರದಲ್ಲಿ ಓದು ಕೆಡುತ್ತದೆ. ಉಳಿದದ್ದು 130. ಮೊದಲ ಸುತ್ತಿಗೆ 75, ಎರಡನೆಯದಕ್ಕೆ 33, ಮಾಕ್ ಟೆಸ್ಟ್ ಬರೆದು ತಿದ್ದಿಕೊಳ್ಳಲು 8, ಕೊನೆಯ ಸುತ್ತಿಗೆ 14. ಅಂದರೆ ರಾಜ್ಯೋತ್ಸವದ ಹೊತ್ತಿಗೆ ಮೊದಲ ಸುತ್ತು ಮುಗಿದಿರಬೇಕು.

ಮೊದಲ ಸುತ್ತಿನಲ್ಲಿ ದಿನಕ್ಕೆ 8 ಗಂಟೆ ಸಾಕು. ಹದಿಮೂರು ಗಂಟೆ ಅಂತ ಗೋಡೆಗೆ ಅಂಟಿಸಿದವರು ನಾಲ್ಕನೇ ದಿನಕ್ಕೆ ಸುಸ್ತಾಗುತ್ತಾರೆ. 75 ದಿನಕ್ಕೆ 600 ಗಂಟೆ ಆಯಿತು. ನನ್ನ ಅಂದಾಜಿನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್‌ಗೆ 140, ಟ್ಯಾಕ್ಸೇಶನ್‌ಗೆ 140, ಕಾಸ್ಟಿಂಗ್‌ಗೆ 110, ಲಾ 80, ಆಡಿಟ್ 70, ಎಫ್‌ಎಂ-ಎಸ್‌ಎಂ (ಫೈನಾನ್ಶಿಯಲ್ ಮತ್ತು ಸ್ಟ್ರ್ಯಾಟೆಜಿಕ್ ಮ್ಯಾನೇಜ್‌ಮೆಂಟ್) 60. ಒಟ್ಟಿಗೆ ಎರಡೇ ವಿಷಯ ಇಟ್ಟುಕೋ, ಒಂದು ಲೆಕ್ಕದ್ದು, ಇನ್ನೊಂದು ಓದುವಂಥದ್ದು. ಮೊದಲ 28 ದಿನ ಅಕೌಂಟಿಂಗ್ ಮತ್ತು ಲಾ, ಆಮೇಲೆ 26 ದಿನ ಟ್ಯಾಕ್ಸ್ ಮತ್ತು ಆಡಿಟ್, ಕೊನೆಯ 21 ದಿನ ಕಾಸ್ಟಿಂಗ್ ಮತ್ತು ಎಫ್‌ಎಂ-ಎಸ್‌ಎಂ.

ಅಕೌಂಟಿಂಗನ್ನು ಲಾ ಜೊತೆ ಸುಮ್ಮನೆ ಜೋಡಿಸಿಲ್ಲ. ಕಂಪನಿ ತನ್ನ ಷೇರನ್ನೇ ತಾನು ಮರಳಿ ಕೊಳ್ಳುವ ಬೈಬ್ಯಾಕ್ ಎರಡೂ ಪೇಪರಿನಲ್ಲಿದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 68ನ್ನು ಲಾ ಪುಸ್ತಕದಲ್ಲಿ ಬೆಳಿಗ್ಗೆ ಓದು, ಮಧ್ಯಾಹ್ನ ಅದೇ ಅಧ್ಯಾಯದ ಲೆಕ್ಕ ಮಾಡು. ಶೇ. 25ರ ಮಿತಿ ಎಲ್ಲಿಂದ ಬಂತು, ಬೈಬ್ಯಾಕ್ ಆದ ಮೇಲೆ ಸಾಲ ಮತ್ತು ಬಂಡವಾಳದ ಅನುಪಾತ 2:1 ದಾಟಬಾರದು ಅಂತ ಏಕೆ ಇನ್ನೊಂದು ಮಿತಿ ಹಾಕಬೇಕು ಅನ್ನೋದು ಆಗ ತಾನಾಗಿಯೇ ಕೂರುತ್ತದೆ. ಬಾಯಿಪಾಠ ಮಾಡಿದವರು ಷೇರಿನ ಸಂಖ್ಯೆ, ಇರುವ ಹಣ, ಸಾಲದ ಅನುಪಾತ ಅನ್ನೋ ಮೂರು ಮಿತಿಯಲ್ಲಿ ಒಂದನ್ನು ಮರೆತು ಬರುತ್ತಾರೆ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ಉತ್ತರ, ಹಾಗಾಗಿ ಒಂದು ಬಿಟ್ಟರೂ ಕೊನೆಯ ಸಂಖ್ಯೆ ತಪ್ಪಾಗಬಹುದು.

ದಿನವನ್ನು ಹೀಗೆ ಕತ್ತರಿಸು. ಬೆಳಿಗ್ಗೆ 6ರಿಂದ 8 ಲಾ ಅಥವಾ ಆಡಿಟ್. ಒಂಬತ್ತೂವರೆಯಿಂದ 12 ಹೊಸ ಅಧ್ಯಾಯ, ಕ್ಲಾಸ್ ವಿಡಿಯೋ ನೋಡುವುದಿದ್ದರೆ ಅದೂ ಇದರಲ್ಲೇ. 2ರಿಂದ 5 ಪೆನ್ನು ಹಿಡಿದು ಲೆಕ್ಕ. ರಾತ್ರಿ ಎಂಟೂವರೆಯಿಂದ ಅರ್ಧ ಗಂಟೆ ಅವತ್ತಿನದನ್ನು ತಿರುವಿಹಾಕು. ಮಧ್ಯಾಹ್ನದ ಆ ಮೂರು ಗಂಟೆಯ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಪರೀಕ್ಷೆ ಅದೇ ಹೊತ್ತಿಗೆ ಇರೋದು. ಐದು ತಿಂಗಳು ಸಾರನ್ನ ಉಂಡು 2 ಗಂಟೆಗೆ ಮಲಗಿದ ಮೈಗೆ ಜನವರಿಯ ಆ ದಿನವೂ ಅದೇ ಹೊತ್ತಿಗೆ ತೂಕಡಿಕೆ ಬರುತ್ತದೆ. ಅಮ್ಮ, ಅವಳಿಗೆ ಹನ್ನೆರಡೂವರೆಗೆ ಊಟ ಹಾಕು, ಸ್ವಲ್ಪ ಹಗುರವಾಗಿ. ಮೊಸರನ್ನವನ್ನು ರಾತ್ರಿಗೆ ಇಟ್ಟುಕೊಳ್ಳಲಿ.

ವಿಡಿಯೋದ ವಿಷಯ ಬಂತಲ್ಲ. ಪೂರ್ತಿ ಸಮಯ ಓದುವವರು ಎಡವೋದು ಇಲ್ಲೇ ಹೆಚ್ಚು. ಒಂದೂವರೆ ಪಟ್ಟು ವೇಗದಲ್ಲಿ ದಿನಕ್ಕೆ ಆರು ಗಂಟೆ ಕ್ಲಾಸ್ ನೋಡಿ ಓದಿದೆ ಅಂದುಕೊಳ್ಳುತ್ತಾರೆ. ಮೇಷ್ಟ್ರು ಲೆಕ್ಕ ಬಿಡಿಸುವಾಗ ಎಲ್ಲವೂ ಸುಲಭವಾಗಿ ಕಾಣುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ಒಂದು ಗಂಟೆ ಕ್ಲಾಸಿಗೆ ಒಂದು ಗಂಟೆ ಸ್ವಂತ ಬರವಣಿಗೆ, ಇದಕ್ಕಿಂತ ಕಡಿಮೆ ಬೇಡ. ಸಿಎ ಪರೀಕ್ಷೆ ನಡೆಸುವ ಸಂಸ್ಥೆಯ (ಐಸಿಎಐ) ಬೋರ್ಡ್ ಆಫ್ ಸ್ಟಡೀಸ್ ಉಚಿತವಾಗಿ ಲೈವ್ ಕ್ಲಾಸ್ ನಡೆಸುತ್ತದೆ, ಹಣ ಕೊಟ್ಟು ಸೇರುವ ಮುಂಚೆ ಅದನ್ನು ನೋಡು. ಒಬ್ಬ ಮೇಷ್ಟ್ರನ್ನು ಹಿಡಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಬ್ಬರ ಹತ್ತಿರ ಹೋಗಬೇಡ.

ಪುಸ್ತಕಕ್ಕೆ ಅವೆನ್ಯೂ ರೋಡಿಗೆ ಹೋಗ್ತೀನಿ ಅಂದಿದ್ದೆ. ಹುಷಾರು. 2024ರ ಮೇ ಪರೀಕ್ಷೆಯಿಂದ ಹೊಸ ಸ್ಕೀಮ್ ಬಂದು ಎಂಟು ಪೇಪರು ಆರಾಯಿತು. ಹಳೇ ಸ್ಕೀಮಿನ ಪುಸ್ತಕಗಳು ಈಗಲೂ ಅಲ್ಲಿ ಅಗ್ಗಕ್ಕೆ ಸಿಕ್ಕಾವು. ಕಾಸ್ಟಿಂಗ್‌ನ ಹಳೇ ಪುಸ್ತಕದಲ್ಲಿ ಲೆಕ್ಕ ಅಭ್ಯಾಸ ಮಾಡಿದರೆ ನಷ್ಟವಿಲ್ಲ, ಆದರೆ ಟ್ಯಾಕ್ಸ್ ಪುಸ್ತಕವನ್ನು ಎಷ್ಟೇ ಅಗ್ಗವಾದರೂ ಹಳೆಯದು ತರಬೇಡ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಏಪ್ರಿಲ್ 1, 2026ರಿಂದ ಬಂದಿದೆ. ಸೆಕ್ಷನ್ ನಂಬರುಗಳು ಬದಲಾಗಿವೆ, ಹಿಂದಿನ ವರ್ಷ ಮತ್ತು ಕರನಿರ್ಧಾರಣೆ ವರ್ಷ ಹೋಗಿ ‘ಟ್ಯಾಕ್ಸ್ ಇಯರ್’ ಅನ್ನೋ ಒಂದೇ ಮಾತಾಗಿದೆ. ನಿನ್ನ ಅಟೆಂಪ್ಟಿಗೆ ಯಾವ ಕಾಯ್ದೆ, ಯಾವ ಫೈನಾನ್ಸ್ ಆ್ಯಕ್ಟ್ ಅನ್ವಯ ಅನ್ನೋದನ್ನು ಸಂಸ್ಥೆಯ ಪ್ರಕಟಣೆಯಲ್ಲಿ ನೋಡಿ, ಪ್ರಿಂಟ್ ತೆಗೆದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ಆಮೇಲೆ ಓದಲು ಶುರು ಮಾಡು. ಸ್ನೇಹಿತರು ಹೇಳಿದರು ಅಂತ ನಂಬಬೇಡ.

ಒಂದು ಇನ್ನೂರು ಪುಟದ ಉದ್ದ ನೋಟ್‌ಬುಕ್ ತಗೋ. ಅದರಲ್ಲಿ ತಪ್ಪಿದ ಲೆಕ್ಕಗಳು ಮಾತ್ರ. ಯಾವ ಪುಟದ ಯಾವ ಲೆಕ್ಕ, ಎಲ್ಲಿ ತಪ್ಪಿದೆ, ಏಕೆ ತಪ್ಪಿದೆ, ಇಷ್ಟನ್ನು ಎರಡು ಸಾಲಿನಲ್ಲಿ ಬರೆ. ಜಿಎಸ್‌ಟಿಯಿಂದ ಒಂದು ಉದಾಹರಣೆ ಕೊಡುತ್ತೇನೆ. ಕ್ರೆಡಿಟ್, ಅಂದರೆ ಕೊಳ್ಳುವಾಗಲೇ ಕಟ್ಟಿದ್ದರಿಂದ ಈಗ ಕಳೆದುಕೊಳ್ಳಬಹುದಾದ ತೆರಿಗೆ, ಐಜಿಎಸ್‌ಟಿ (ಅಂತರರಾಜ್ಯ) 40,000, ಸಿಜಿಎಸ್‌ಟಿ (ಕೇಂದ್ರ) 10,000, ಎಸ್‌ಜಿಎಸ್‌ಟಿ (ರಾಜ್ಯ) 10,000. ಕಟ್ಟಬೇಕಾದ ತೆರಿಗೆ ಐಜಿಎಸ್‌ಟಿ 25,000, ಸಿಜಿಎಸ್‌ಟಿ 20,000, ಎಸ್‌ಜಿಎಸ್‌ಟಿ 15,000. ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ಖಾಲಿಯಾದ ಮೇಲೆಯೇ ಉಳಿದೆರಡನ್ನು ಮುಟ್ಟಬೇಕು. 40,000ದಲ್ಲಿ 25,000 ಐಜಿಎಸ್‌ಟಿಗೇ ಹೋಯಿತು, 15,000 ಉಳಿಯಿತು. ಅಭ್ಯಾಸಬಲದಿಂದ ಆ 15,000ವನ್ನೂ ಸಿಜಿಎಸ್‌ಟಿಗೆ ಹಾಕಿದೆ ಅಂತಿಟ್ಟುಕೋ. ಸಿಜಿಎಸ್‌ಟಿಯಲ್ಲಿ 5,000 ಮಾತ್ರ ಬಾಕಿ, ಅದರ ಸ್ವಂತ ಕ್ರೆಡಿಟ್ 10,000ದಲ್ಲಿ 5,000 ಹಾಗೇ ನಿಂತುಬಿಡುತ್ತದೆ. ಎಸ್‌ಜಿಎಸ್‌ಟಿಗೆ 15,000ಕ್ಕೆ 10,000 ಮಾತ್ರ ಇದೆ, 5,000 ನಗದು ಕಟ್ಟಬೇಕು. ಸಿಜಿಎಸ್‌ಟಿ ಕ್ರೆಡಿಟನ್ನು ಎಸ್‌ಜಿಎಸ್‌ಟಿಗೆ ಬಳಸುವ ಹಾಗಿಲ್ಲವಲ್ಲ. ಅದೇ 15,000ವನ್ನು ಸಿಜಿಎಸ್‌ಟಿಗೆ 10,000, ಎಸ್‌ಜಿಎಸ್‌ಟಿಗೆ 5,000 ಅಂತ ಒಡೆದಿದ್ದರೆ ನಗದು ಸೊನ್ನೆ. ಎರಡೂ ಕಾನೂನಿಗೆ ಸರಿ, ಆದರೆ ಪ್ರಶ್ನೆಯಲ್ಲಿ ‘ಕನಿಷ್ಠ ನಗದು’ ಅಂತ ಕೇಳಿದ್ದರೆ ಮೊದಲನೆಯದು ತಪ್ಪು. ನೋಟ್‌ಬುಕ್ಕಿನಲ್ಲಿ ಇದು ಹೀಗೆ ಬರಬೇಕು: “ಐಜಿಎಸ್‌ಟಿ ಉಳಿಕೆ ಒಡೆಯುವ ಮುಂಚೆ ಎರಡು ಕಡೆಯ ಕೊರತೆ ಮೊದಲು ನೋಡು.” ಕೊನೆಯ 22 ಗಂಟೆಯಲ್ಲಿ ಟ್ಯಾಕ್ಸ್‌ಗೆ ಮೊದಲು ತೆಗೆಯಬೇಕಾದ್ದು ಈ ಪುಟಗಳನ್ನೇ.

ಲಾ ಮತ್ತು ಆಡಿಟ್ ಅನ್ನು ಕೊನೆಗೆ ಓದಿಕೊಳ್ಳೋಣ ಅಂತ ಬಿಡಬೇಡ. ಲಾ ಉತ್ತರದಲ್ಲಿ ಮೊದಲು ಕಾಯ್ದೆ ಏನು ಹೇಳುತ್ತದೆ, ಆಮೇಲೆ ಈ ಪ್ರಕರಣದಲ್ಲಿ ಏನಾಗಿದೆ, ಕೊನೆಗೆ ತೀರ್ಮಾನ, ಮೂರು ಪ್ಯಾರಾ. ಸೆಕ್ಷನ್ ನಂಬರು ಖಚಿತವಿಲ್ಲದಿದ್ದರೆ ಬರೆಯಬೇಡ, ತಪ್ಪು ನಂಬರಿಗಿಂತ ನಂಬರಿಲ್ಲದ ಸರಿಯಾದ ವಿಷಯ ಮೇಲು. ಆಡಿಟ್‌ನಲ್ಲಿ ಆಡಿಟಿಂಗ್ ಸ್ಟ್ಯಾಂಡರ್ಡ್‌ಗಳ (ಎಸ್‌ಎ) ಮಾತುಗಳನ್ನೇ ಬಳಸಬೇಕು. ಎಸ್‌ಎ 230 ದಾಖಲೆ, 240 ವಂಚನೆ, 500 ಸಾಕ್ಷ್ಯ, 570 ಗೋಯಿಂಗ್ ಕನ್ಸರ್ನ್ (ಸಂಸ್ಥೆ ಮುಂದೆಯೂ ನಡೆಯುತ್ತದೆಯೇ ಅನ್ನೋದು), ಹೀಗೆ ದಿನಕ್ಕೆ ಒಂದರಂತೆ ಕೈಯಲ್ಲಿ ಬರೆದು ನೋಡು.

ಪ್ರತಿ ಪೇಪರಿನಲ್ಲೂ 30 ಅಂಕ ಎಂಸಿಕ್ಯೂ (ಸರಿ ಉತ್ತರ ಆರಿಸುವ ಪ್ರಶ್ನೆ), 70 ಬರವಣಿಗೆ. ಇಂಟರ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಓಎಂಆರ್‌ನಲ್ಲಿ ಒಂದನ್ನೂ ಖಾಲಿ ಬಿಡಬೇಡ. ಎಂಸಿಕ್ಯೂಗೆ 45 ನಿಮಿಷ ಕೊಟ್ಟರೆ 70 ಅಂಕಕ್ಕೆ 135 ನಿಮಿಷ. ಅಂದರೆ 14 ಅಂಕದ ಪ್ರಶ್ನೆಗೆ 27 ನಿಮಿಷ. ಬ್ಯಾಲೆನ್ಸ್ ಶೀಟ್ ತಾಳೆಯಾಗಲಿಲ್ಲ ಅಂತ 45 ನಿಮಿಷ ಅಲ್ಲೇ ಕೂತರೆ ಇನ್ನೊಂದು ಪ್ರಶ್ನೆಯ 18 ನಿಮಿಷ ಹೋಗುತ್ತದೆ. ವರ್ಕಿಂಗ್ ನೋಟ್ಸ್‌ಗೆ ನಂಬರು ಹಾಕಿ ಬಿಡಿಯಾಗಿ ಬರೆದಿದ್ದರೆ ಕೊನೆಯ ಮೊತ್ತ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಕ್ಯಾಲ್ಕುಲೇಟರು 12 ಅಂಕಿಯದು, ಎರಡು ಮೆಮೊರಿಯದು ಸಾಕು, ಅದಕ್ಕಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಅದನ್ನು ಈಗಲೇ ತಗೋ, ಡಿಸೆಂಬರಿನಲ್ಲಿ ಬದಲಿಸಿದರೆ ಬೆರಳು ತಡಕಾಡುತ್ತದೆ.

ಆರು ಪೇಪರು ಮೂರು ಮೂರರಂತೆ ಎರಡು ಗ್ರೂಪ್; ಎರಡೂ ಬರೆಯೋದೋ, ಒಂದೋ ಅನ್ನೋದನ್ನು ಈಗ ತೀರ್ಮಾನಿಸಬೇಡ. ಅರ್ಜಿ ತುಂಬುವುದು ಸುಮಾರು ನವೆಂಬರಿನಲ್ಲಿ, ಅಷ್ಟು ಹೊತ್ತಿಗೆ ಮೊದಲ ಸುತ್ತು ಎಲ್ಲಿದೆ ಅಂತ ಗೊತ್ತಾಗಿರುತ್ತದೆ. ಪ್ರತಿ ಪೇಪರಿನಲ್ಲಿ 40, ಗ್ರೂಪಿನ ಒಟ್ಟಿನಲ್ಲಿ ಶೇ. 50 ಬೇಕು. ಎರಡೂ ಒಟ್ಟಿಗೆ ಬರೆದರೆ ಒಂದು ಗ್ರೂಪಿನಲ್ಲಿ 140 ಬಂದು ಇನ್ನೊಂದರಲ್ಲಿ 165 ಬಂದರೂ ಮೊತ್ತ 300 ದಾಟಿದ್ದರಿಂದ ಎರಡೂ ಪಾಸು, ಯಾವ ಪೇಪರೂ 40ಕ್ಕಿಂತ ಕೆಳಗಿರಬಾರದು ಅಷ್ಟೆ. ಐದು ಪೇಪರು ಮುಗಿದಿದ್ದರೆ ಎರಡಕ್ಕೂ ಹಾಕು. ನಾಲ್ಕೇ ಆಗಿದ್ದರೆ ಒಂದಕ್ಕೆ ಹಾಕು, ಮೇ ಪರೀಕ್ಷೆ ಇದ್ದೇ ಇದೆ. ಈಗ ಇಂಟರ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಅಪ್ಪ, ಆಗ ಒಂದೇ ಗ್ರೂಪ್ ಅಂದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ನಾಲ್ಕು ಜನರ ಮುಂದೆ ಅವಳಿಗೆ ಅನ್ನಲೂ ಬೇಡಿ.

ಎರಡನೇ ಸುತ್ತಿನಲ್ಲಿ ಸಂಸ್ಥೆಯ ಸ್ಟಡಿ ಮೆಟೀರಿಯಲ್‌ನ ಲೆಕ್ಕಗಳು, ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರು), ಹಿಂದಿನ ಪ್ರಶ್ನೆಪತ್ರಿಕೆಗಳು. ಆಮೇಲೆ ಎಂಟು ದಿನದಲ್ಲಿ ಆರು ಎಂಟಿಪಿ (ಮಾಕ್ ಟೆಸ್ಟ್ ಪೇಪರು), ಸರಿಯಾಗಿ 2ಕ್ಕೆ ಶುರು, 5ಕ್ಕೆ ಪೆನ್ನು ಕೆಳಗೆ. ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್ ಹತ್ತಿರದ ನಮ್ಮ ಬೆಂಗಳೂರು ಶಾಖೆಯಲ್ಲಿ ಮಾಕ್ ಟೆಸ್ಟ್ ಇಟ್ಟರೆ ಅಲ್ಲೇ ಹೋಗಿ ಬರೆ, ಅಪರಿಚಿತರ ನಡುವೆ ಬರೆದು ಅಭ್ಯಾಸವಾಗುತ್ತದೆ. ಕೊನೆಯ 14 ದಿನ ದಿನಕ್ಕೆ ಒಂಬತ್ತೂವರೆ ಗಂಟೆ ಹಿಡಿದರೆ 133, ಆರು ಪೇಪರಿಗೆ ತಲಾ 22. ಗಡಿಯಾರ ಇಟ್ಟುಕೊಂಡು ನೋಡು. ಒಂದು ಪೇಪರು 22ರಲ್ಲಿ ಮುಗಿಯದಿದ್ದರೆ ಅದರ ನೋಟ್ಸ್ ದಪ್ಪವಾಗಿದೆ, ಅವತ್ತೇ ಕತ್ತರಿಸು.

ಮನೆಯಲ್ಲಿ ಗಲಾಟೆ ಅನ್ನಿಸಿದರೆ ವಿಜಯನಗರದಲ್ಲಿ ರೀಡಿಂಗ್ ರೂಮುಗಳಿವೆ, ಬಸವೇಶ್ವರನಗರದಿಂದ ಹತ್ತಿರ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಚೆಂದ, ಆದರೆ ಹೋಗಿಬರೋದರಲ್ಲೇ ಒಂದೂವರೆ ಗಂಟೆ ಹೋಗುತ್ತದೆ. ನನ್ನ ಕೇಳಿದರೆ ಮನೆಯ ಹಿಂದಿನ ಕೋಣೆಯೇ ಸರಿ. ಅಪ್ಪ, ಅಲ್ಲಿರುವ ಹಳೇ ಟಿವಿ ಮತ್ತು ಇಸ್ತ್ರಿ ಟೇಬಲನ್ನು ಹಾಲ್‌ಗೆ ಸಾಗಿಸಿಬಿಡಿ. ಅಮ್ಮ, ನವೆಂಬರ್ ಆದಮೇಲೆ ಮದುವೆ, ಗೃಹಪ್ರವೇಶಕ್ಕೆ ಅವಳನ್ನು ಕರೆಯಬೇಡ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು. ಹಾಲ್ ಟಿಕೆಟ್ ಬಂದ ಮೇಲೆ ಒಂದು ಭಾನುವಾರ ಅಪ್ಪನೂ ಅವಳೂ ಸೆಂಟರ್ ನೋಡಿಕೊಂಡು ಬನ್ನಿ. ಪರೀಕ್ಷೆಯ ದಿನ ವಾರದ ಟ್ರಾಫಿಕ್ ಇರುತ್ತದೆ, ಅದಕ್ಕೆ ಭಾನುವಾರ ಹಿಡಿದ ಸಮಯಕ್ಕೆ ಇನ್ನೊಂದು ಗಂಟೆ ಸೇರಿಸಿ ಹೊರಡಿ.

ಸಿಂಚು, ಪ್ರತಿ ಶನಿವಾರ 2ರಿಂದ 5ಕ್ಕೆ ಬರೆದ ಹಾಳೆಗಳ ಫೋಟೋ ನನಗೆ ವಾಟ್ಸ್‌ಆ್ಯಪ್ ಮಾಡು. ಸಂಸ್ಥೆಯ ಸಜೆಸ್ಟೆಡ್ ಆನ್ಸರ್ (ಮಾದರಿ ಉತ್ತರ) ಪಕ್ಕದಲ್ಲಿಟ್ಟುಕೊಂಡು ಕೆಂಪು ಗುರುತು ಹಾಕಿ ಭಾನುವಾರ ಕಳಿಸುತ್ತೇನೆ. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡು, ಇಲ್ಲಿ ಆಗ ಎಂಟು. ಮೊದಲ ಹಾಳೆ ಆಗಸ್ಟ್ 15ಕ್ಕೆ, ಬೈಬ್ಯಾಕ್ ಅಧ್ಯಾಯದ್ದು.

ನಿಮ್ಮ ಪ್ರೀತಿಯ,
ಸೌಮ್ಯ