ಸಕ್ಕರೆಗೆ ಬದಲಿ ಹುಡುಕುವ ಮೊದಲು ಸಿಹಿಯನ್ನೇ ಕಡಿಮೆ ಮಾಡಬೇಕು

ಮಾನ್ಯ ಸಂಪಾದಕರೇ,

ಗೌರಿ-ಗಣೇಶ ಹಬ್ಬದಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಚಿಕ್ಕಮಗಳೂರಿನ ಸಿಹಿತಿಂಡಿ ಅಂಗಡಿಗಳ ಮುಂದೆ ‘ಶುಗರ್ ಫ್ರೀ ಸ್ವೀಟ್ಸ್ ದೊರೆಯುತ್ತದೆ’ ಎಂಬ ಫಲಕ ಕಾಣುವುದು ಈಗ ಸಾಮಾನ್ಯವಾಗಿದೆ. ಅದೇ ಹೊತ್ತಿಗೆ ಔಷಧ ಅಂಗಡಿಗಳಲ್ಲಿ ಸಕ್ಕರೆಗೆ ಬದಲಾಗಿ ಬಳಸುವ ಗುಳಿಗೆ ಮತ್ತು ಪುಡಿಗಳ ಮಾರಾಟವೂ ಏರುತ್ತದೆ. ಈ ಊರಿನಲ್ಲಿ ಬಹಳ ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ನನ್ನನ್ನು ದಿನಕ್ಕೆ ಹತ್ತಾರು ಜನ “ಸಕ್ಕರೆ ಬದಲು ಯಾವುದು ಒಳ್ಳೆಯದು?” ಎಂದು ಕೇಳುತ್ತಾರೆ. “ಸಿಹಿ ತಿನ್ನುವುದನ್ನು ಕಡಿಮೆ ಮಾಡುವುದು ಹೇಗೆ?” ಎಂದು ಕೇಳುವವರು ಅಪರೂಪ. ಈ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು ಮತ್ತು ಅದಕ್ಕೆ ಉತ್ತರ ಕೊಡುವ ಹೊಣೆ ಮನೆಯಷ್ಟೇ ನಮ್ಮ ಹೋಟೆಲು, ಕಲ್ಯಾಣ ಮಂಟಪ, ಶಾಲೆಗಳ ಮೇಲೂ ಇದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಲು ಬಯಸುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಎರಡನೆಯ ಗುಂಪಿನಲ್ಲಿರುವ ಬಹುಪಾಲು ಮಂದಿಗೆ ತಮಗೆ ಹೀಗಿದೆ ಎಂಬುದೇ ತಿಳಿದಿರುವುದಿಲ್ಲ. ಸಕ್ಕರೆಯೊಂದೇ ಈ ಕಾಯಿಲೆಗೆ ಕಾರಣವಲ್ಲ. ವಂಶವಾಹಿ, ಮೈತೂಕ, ದುಡಿಮೆ ಇಲ್ಲದ ಬದುಕು, ತಟ್ಟೆಯ ತುಂಬ ಅನ್ನ, ಎಲ್ಲವೂ ಸೇರುತ್ತವೆ. ಆದರೂ ನಮ್ಮ ಕೈಯಲ್ಲಿ ಸುಲಭವಾಗಿ ಕಡಿಮೆ ಮಾಡಲು ಸಿಗುವುದು ಸಕ್ಕರೆಯೇ.

ಮೊದಲು ಬೆಲ್ಲದ ವಿಷಯ ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. “ಸಕ್ಕರೆ ಬಿಟ್ಟು ಬಿಟ್ಟಿದ್ದೇನೆ, ಈಗ ಬೆಲ್ಲದ ಕಾಫಿಯೇ” ಎಂದು ನೆಮ್ಮದಿಯಿಂದ ಹೇಳುವ ಮಧುಮೇಹಿಗಳನ್ನು ನಾನು ಪ್ರತಿದಿನ ಕಾಣುತ್ತೇನೆ. ಬೆಲ್ಲದಲ್ಲಿ ಇರುವುದರಲ್ಲಿ ಹೆಚ್ಚಿನ ಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ನೂರು ಗ್ರಾಂ ಸಕ್ಕರೆಯಿಂದ ಬರುವ ಶಕ್ತಿ ನಾನೂರು ಕ್ಯಾಲೊರಿಯ ಹತ್ತಿರವಿದ್ದರೆ, ಅಷ್ಟೇ ಬೆಲ್ಲದಿಂದ ಬರುವುದು ಅದಕ್ಕಿಂತ ಸ್ವಲ್ಪ ಮಾತ್ರ ಕಡಿಮೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜಾಂಶ ಇರುವುದು ನಿಜ. ಆದರೆ ಒಂದೆರಡು ಚಮಚ ಬೆಲ್ಲದಿಂದ ಸಿಗುವಷ್ಟು ಖನಿಜ ಒಂದು ಹಿಡಿ ಸೊಪ್ಪಿನಿಂದಲೋ ರಾಗಿ ಮುದ್ದೆಯಿಂದಲೋ ಯಾವ ತೊಂದರೆಯೂ ಇಲ್ಲದೆ ಸಿಗುತ್ತದೆ. ಜೋನಿ ಬೆಲ್ಲ, ಸಾವಯವ ಬೆಲ್ಲ, ಜೇನುತುಪ್ಪ, ಖರ್ಜೂರದ ಪಾಕ, ಇವೆಲ್ಲ ರಕ್ತದಲ್ಲಿ ಗ್ಲೂಕೋಸ್ ಏರಿಸುವಂಥವೇ. ರುಚಿಗಾಗಿ ಬೆಲ್ಲ ಇಷ್ಟಪಡುವವರು ಅದನ್ನು ಸಕ್ಕರೆಯ ಲೆಕ್ಕದಲ್ಲಿಯೇ ಸೇರಿಸಿ ಅಳತೆಯಲ್ಲಿ ಬಳಸಲಿ. ಔಷಧವೆಂದು ಭಾವಿಸಿ ಬಳಸುವುದು ಬೇಡ. (ಜೇನುತುಪ್ಪದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಜೇನು ಸವರುವುದು ಅಪಾಯಕಾರಿ. ಅದರಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಸಾಧ್ಯತೆಯಿದೆ.)

ಇನ್ನು ಗುಳಿಗೆ ಮತ್ತು ಪುಡಿಗಳು. ಇವುಗಳಲ್ಲಿ ಬಳಸುವ ಕೃತಕ ಸಿಹಿಕಾರಕಗಳಲ್ಲಿ ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಸ್ಟೀವಿಯಾ ಎಂಬುದು ದಕ್ಷಿಣ ಅಮೆರಿಕದ ಗಿಡವೊಂದರ ಎಲೆಯಿಂದ ತೆಗೆಯುವ ಅಂಶ. ಅದೂ 200ರಿಂದ 300 ಪಟ್ಟು ಸಿಹಿ. ಹಾಗಾಗಿ ಸಾಸಿವೆಗಿಂತ ತುಸು ದೊಡ್ಡದಾದ ಗುಳಿಗೆ ಒಂದು ಲೋಟ ಕಾಫಿಗೆ ಸಾಕಾಗುತ್ತದೆ. ಇವುಗಳ ಕುರಿತು ಜನರಲ್ಲಿ ಎರಡು ವಿಪರೀತ ಅಭಿಪ್ರಾಯಗಳಿವೆ. ಕೆಲವರು ಇವನ್ನು ವಿಷವೆಂದು ಹೆದರುತ್ತಾರೆ. ಇನ್ನು ಕೆಲವರು ಇವು ಇದ್ದರೆ ಸಾಕು, ಏನು ತಿಂದರೂ ಆಗುತ್ತದೆ ಎಂದುಕೊಳ್ಳುತ್ತಾರೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು ‘ಕ್ಯಾನ್ಸರ್‌ಗೆ ಕಾರಣವಾಗುವ ಸಾಧ್ಯತೆ ಇರಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿತು. ಆ ಗುಂಪು ಸೂಚಿಸುವುದು ಪುರಾವೆ ಸೀಮಿತವಾಗಿದೆ ಎಂಬುದನ್ನೇ ಹೊರತು ಅಪಾಯ ಖಚಿತವಾಗಿದೆ ಎಂದಲ್ಲ. ಅದೇ ಸಮಯದಲ್ಲಿ ಆಹಾರ ಸೇರ್ಪಡೆಗಳ ತಜ್ಞರ ಜಂಟಿ ಸಮಿತಿಯು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಿಂದಿನ ಮಿತಿಯನ್ನೇ ಉಳಿಸಿಕೊಂಡಿತು. ಅರುವತ್ತು ಕಿಲೋ ತೂಕದವರಿಗೆ ಇದು 2,400 ಮಿಲಿಗ್ರಾಂ. ಕಾಫಿಗೆ ಹಾಕುವ ಒಂದೆರಡು ಗುಳಿಗೆಗಳಿಂದ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಫಿನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಆನುವಂಶಿಕ ತೊಂದರೆ ಇರುವವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಲೇಬಾರದು.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಮಾರ್ಗಸೂಚಿ. ತೂಕ ಇಳಿಸಲು ಅಥವಾ ಮುಂದೆ ಕಾಯಿಲೆ ಬಾರದಂತೆ ತಡೆಯಲು ಇಂತಹ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ, ದೀರ್ಘಕಾಲದಲ್ಲಿ ಅವುಗಳಿಂದ ಮೈಕೊಬ್ಬು ಇಳಿಯುವ ಪ್ರಯೋಜನ ಕಂಡುಬಂದಿಲ್ಲ ಎಂದು ಅದು ಹೇಳುತ್ತದೆ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲಿ ಸ್ಪಷ್ಟವಾಗಿದೆ; ಸುದ್ದಿಯಾಗುವಾಗ ಈ ಮಾತು ಬಹುತೇಕ ಬಿಟ್ಟುಹೋಯಿತು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮಧುಮೇಹ ಇರುವ, ಸಿಹಿ ಇಲ್ಲದೆ ಕಾಫಿ ಕುಡಿಯಲು ಆಗದ ಹಿರಿಯರು ವೈದ್ಯರನ್ನು ಕೇಳಿ ಒಂದು ಗುಳಿಗೆ ಹಾಕಿಕೊಂಡರೆ ತಪ್ಪಿಲ್ಲ. ಕಾಯಿಲೆ ಇಲ್ಲದ ಇಪ್ಪತ್ತೈದರ ಹರೆಯದವರು ತೂಕ ಇಳಿಸಲೆಂದು ಡಬ್ಬಿಗಟ್ಟಲೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಮಕ್ಕಳಿಗಂತೂ ಕೊಡಲೇಬಾರದು.

ಅಡುಗೆಯಲ್ಲಿಯೂ ಇವು ಸಕ್ಕರೆಯ ಕೆಲಸ ಮಾಡುವುದಿಲ್ಲ. ಆಸ್ಪರ್ಟೇಮ್ ಕುದಿದರೆ ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸನ್ನು ಹೆಚ್ಚು ಕಾವಿಗೆ ಒಡ್ಡಿದರೆ ಹಾನಿಕರ ಸಂಯುಕ್ತಗಳು ಉಂಟಾಗಬಹುದಾದ್ದರಿಂದ ಅದನ್ನು ಬೇಯಿಸಿದ ಅಥವಾ ಸುಟ್ಟ ಮೇಲೆ ಸೇರಿಸುವುದು ಮೇಲು ಎಂದು ಜರ್ಮನಿಯ ಸರ್ಕಾರಿ ಆಹಾರ ಸುರಕ್ಷಾ ಸಂಸ್ಥೆ 2019ರಲ್ಲಿಯೇ ಎಚ್ಚರಿಸಿತ್ತು. ಮೈಸೂರು ಪಾಕಿನ ಒಂದೆಳೆ ಪಾಕ ಗುಳಿಗೆಯಿಂದ ಬರುವುದಿಲ್ಲ, ಕಜ್ಜಾಯದ ಪಾಕವೂ ಬರುವುದಿಲ್ಲ.

ಹಾಗಾದರೆ ಅಂಗಡಿಯ ‘ಶುಗರ್ ಫ್ರೀ’ ಸಿಹಿ ಹೇಗೆ ತಯಾರಾಗುತ್ತದೆ? ಮೊನ್ನೆ ಆಲ್ದೂರಿನ ಕಡೆಯ ಹಿರಿಯರೊಬ್ಬರು ಮಗಳು ತಂದುಕೊಟ್ಟ ಲಡ್ಡುವಿನ ಪೊಟ್ಟಣವನ್ನು ನನ್ನ ಮುಂದಿಟ್ಟು “ಇದರಲ್ಲಿ ಏನೇನು ಹಾಕಿದ್ದಾರೆ ಓದಿ ಹೇಳಪ್ಪಾ, ನನ್ನ ಕಣ್ಣಿಗೆ ಕಾಣೋದಿಲ್ಲ” ಎಂದರು. ಕನ್ನಡಕ ಏರಿಸಿದರೂ ನನಗೂ ಕಷ್ಟವಾಗುವಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಕಡಲೆಹಿಟ್ಟು, ತುಪ್ಪ, ಖೋವಾ, ಮಾಲ್ಟಿಟಾಲ್ ಎಂದಿತ್ತು. ಮಾಲ್ಟಿಟಾಲ್ ಎಂಬ ಸಿಹಿಕಾರಕ ಸಕ್ಕರೆಯಷ್ಟು ಬೇಗ ಅಲ್ಲದಿದ್ದರೂ ರಕ್ತದ ಗ್ಲೂಕೋಸನ್ನು ಏರಿಸುತ್ತದೆ. ಅದರಲ್ಲಿ ಸಕ್ಕರೆಯ ಅರ್ಧಕ್ಕಿಂತ ಹೆಚ್ಚು ಕ್ಯಾಲೊರಿ ಇದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಕಡಲೆಹಿಟ್ಟಿನ ಪಿಷ್ಟ, ತುಪ್ಪದ ಕೊಬ್ಬು ಎಲ್ಲಿಗೂ ಹೋಗಿರುವುದಿಲ್ಲ. ಆ ಹಿರಿಯರು ಸಕ್ಕರೆ ಇಲ್ಲವಲ್ಲ ಎಂದು ನಾಲ್ಕು ಲಡ್ಡು ತಿಂದಾಗಿತ್ತು. ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದದ್ದನ್ನು ಅವರು ನಂಬಿದ್ದರು, ಅಷ್ಟೇ. ಸ್ಟೀವಿಯಾ ಎಂದು ಮಾರುವ ಪುಡಿಗಳದ್ದೂ ಇದೇ ಕಥೆ. ಹಲವು ಪೊಟ್ಟಣಗಳಲ್ಲಿ ಪ್ರಮಾಣ ತುಂಬಲು ಎರಿಥ್ರಿಟಾಲ್ ಎಂಬ ಇನ್ನೊಂದು ಸಿಹಿಕಾರಕ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಬೆರೆತಿರುತ್ತದೆ. ಈಗಿನ ನಿಯಮದ ಪ್ರಕಾರ ಆಹಾರದ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಇದ್ದರೆ ಸಾಕು. ರಾಜ್ಯದ ಭಾಷೆ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಕನಿಷ್ಠ ‘ಮಕ್ಕಳಿಗೆ ಸೂಕ್ತವಲ್ಲ’ ಎಂಬಂತಹ ಎಚ್ಚರಿಕೆ ಮತ್ತು ಬಳಸಿದ ಸಿಹಿಕಾರಕದ ಹೆಸರು ಕನ್ನಡದಲ್ಲಿ ಓದಲು ಬರುವ ಗಾತ್ರದಲ್ಲಿ ಇರಬೇಕೆಂದು ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಒತ್ತಾಯಿಸಬೇಕು. ಬಿಡಿಯಾಗಿ ತೂಗಿ ಮಾರುವ ಸಿಹಿ ಅಂಗಡಿಯವರೂ ತಟ್ಟೆಯ ಮುಂದೆ ಒಂದು ಚೀಟಿಯಲ್ಲಿ ಇದನ್ನು ಬರೆದಿಡಬಹುದು.

ಇನ್ನು ಕಾಫಿಗೆ ಬರುತ್ತೇನೆ. ನಮ್ಮ ಊರಿನಲ್ಲಿ ಸಕ್ಕರೆಯ ದೊಡ್ಡ ದಾರಿ ಇದೇ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಮೀರದಿದ್ದರೆ ಒಳ್ಳೆಯದು ಎಂಬುದು ತಜ್ಞರ ಸಲಹೆ. ಅಂದರೆ ತಲೆ ತಟ್ಟಿದ ಐದಾರು ಟೀ ಚಮಚ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಊಟ-ತಿಂಡಿಯ ಸಿಹಿ ಸೇರುವ ಮೊದಲೇ ಮೂವತ್ತೈದು-ನಲವತ್ತು ಗ್ರಾಂ ಮುಟ್ಟಿರುತ್ತಾರೆ. ಆದರೆ ಹೋಟೆಲಿನಲ್ಲಿ ಇದು ಕುಡಿಯುವವರ ಕೈಯಲ್ಲಿ ಇಲ್ಲ. ಬೆಳಿಗ್ಗೆ ಒಲೆಯ ಮೇಲೆ ಹಾಲಿಗೇ ಸಕ್ಕರೆ ಸುರಿದು ಕಾಯಿಸಿರುತ್ತಾರೆ. “ಸಿಹಿ ಕಮ್ಮಿ ಮಾಡಿ” ಎಂದರೆ ಡಿಕಾಕ್ಷನ್ ಜಾಸ್ತಿ ಹಾಕಿ ಕೊಡುತ್ತಾರೆ, ಸಕ್ಕರೆ ಅಷ್ಟೇ ಇರುತ್ತದೆ. “ಸಕ್ಕರೆ ಇಲ್ಲದ್ದು” ಎಂದರೆ ಕಾಯಬೇಕು, ಕೆಲವು ಕಡೆ ಬೇರೆ ದರ. ಸಕ್ಕರೆ ಹಾಕದ ಹಾಲನ್ನೇ ಕಾಯಿಸಿಟ್ಟು, ಸಕ್ಕರೆಯನ್ನು ಚಮಚದೊಂದಿಗೆ ಮೇಜಿನ ಮೇಲಿಟ್ಟರೆ ಯಾರಿಗೂ ನಷ್ಟವಿಲ್ಲ. ಬೇಕಾದವರು ಹಾಕಿಕೊಳ್ಳುತ್ತಾರೆ, ಉಳಿದ ಸಕ್ಕರೆ ಹೋಟೆಲಿನವರಿಗೇ ಲಾಭ. ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಹೋಟೆಲುಗಳಿಂದ ಇದು ಆರಂಭವಾಗಲೆಂದು ಹೋಟೆಲ್ ಮಾಲೀಕರಲ್ಲಿ ನನ್ನ ಕಳಕಳಿಯ ವಿನಂತಿ. ಬಾಬಾ ಬುಡನ್ ಕಾಫಿ ಬೀಜ ತಂದು ನೆಟ್ಟರೆಂದು ಹೇಳುವ ಗಿರಿಯ ತಪ್ಪಲಿನಲ್ಲಿ ಕಾಫಿಯ ರುಚಿ ಸಕ್ಕರೆಯಲ್ಲಿ ಮುಳುಗಬೇಕಾದ ಅಗತ್ಯವೂ ಇಲ್ಲ. ಕಾಫಿಗೆ ಬೆರೆಸುವ ಬೇರಿನ ಪುಡಿಯಾದ ಚಿಕೋರಿಯನ್ನು ನಿಯಮ ಒಪ್ಪುವ ಗರಿಷ್ಠ ಶೇಕಡ 49ರವರೆಗೆ ಸೇರಿಸಿದ ಪುಡಿಯ ಒಗರು ಮುಚ್ಚಲು ಸಕ್ಕರೆ ಹೆಚ್ಚು ಬೇಕಾಗುತ್ತದೆ. ಚಿಕೋರಿ ಕಡಿಮೆ ಇರುವ ಒಳ್ಳೆಯ ಅರೇಬಿಕಾ ಕಾಫಿ ಅರ್ಧ ಚಮಚ ಸಕ್ಕರೆಯಲ್ಲಿಯೇ ಹಿತವಾಗಿರುತ್ತದೆ.

ಮನೆಯಲ್ಲಿ ಕಡಿಮೆ ಮಾಡುವವರಿಗೆ ಒಂದು ಮಾತು. ಎರಡು ಚಮಚವನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಹೆಚ್ಚಿನವರು ವಾರದೊಳಗೆ ಹಿಂದಿನ ಅಳತೆಗೇ ಮರಳುತ್ತಾರೆ. ಎರಡರಿಂದ ಒಂದೂವರೆ, ಎರಡು ಮೂರು ವಾರದ ನಂತರ ಒಂದು, ಆಮೇಲೆ ಅರ್ಧ ಎಂದು ಇಳಿಸಿದವರು ಆ ಕಡಿಮೆ ಅಳತೆಯಲ್ಲಿಯೇ ಉಳಿದುಕೊಳ್ಳುತ್ತಾರೆ. ನಾಲಿಗೆ ಒಗ್ಗಿದ ಮೇಲೆ ಹಳೆಯ ಕಾಫಿಯನ್ನು ಬಾಯಿಗಿಟ್ಟರೆ ಅವರಿಗೇ ಪಾಯಸದಂತೆ ಅನ್ನಿಸುತ್ತದೆ. ಗುಳಿಗೆ ಬಳಸಿದರೆ ಇದು ಆಗುವುದಿಲ್ಲ. ನಾಲಿಗೆಗೆ ಅದೇ ಸಿಹಿಯ ಹಂಬಲ ಉಳಿದೇ ಇರುತ್ತದೆ. ಬದಲಿಗಿಂತ ಕಡಿತವೇ ಮೇಲು ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದು. ಮದುವೆ, ಗೃಹಪ್ರವೇಶಗಳಲ್ಲಿ “ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ, ಒಂದು ದಿನಕ್ಕೆ ಏನೂ ಆಗೋದಿಲ್ಲ” ಎಂದು ಎಲೆಗೆ ಬಡಿಸಿಯೇ ಬಿಡುವ ಉಪಚಾರವನ್ನೂ ನಾವು ಸ್ವಲ್ಪ ಸಡಿಲಿಸಬೇಕು. ಬೇಡವೆಂದವರನ್ನು ಒತ್ತಾಯಿಸದಿರುವುದೂ ಆದರವೇ.

ಮಕ್ಕಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಏಕೆಂದರೆ ಮಾಡಬೇಕಾದ್ದು ಸ್ಪಷ್ಟವಾಗಿದೆ. ಮುನ್ನೂರು ಮಿಲಿಲೀಟರಿನ ಕೋಲಾ ಬಾಟಲಿಯಲ್ಲಿ ಮೂವತ್ತು ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ತಿಳಿಸುವ ಫಲಕಗಳನ್ನು ತನ್ನ ಶಾಲೆಗಳಲ್ಲಿ ಹಾಕಬೇಕೆಂದು ಸಿಬಿಎಸ್ಇ 2025ರಲ್ಲಿ ಸೂಚಿಸಿದೆ. ನಮ್ಮ ಜಿಲ್ಲೆಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳೂ ಆದೇಶಕ್ಕೆ ಕಾಯದೆ ಹೀಗೆ ಮಾಡಬಹುದು. ಒಂದು ಹಳೆಯ ಕಪ್ಪು ಹಲಗೆ ಸಾಕು.

ಕೊನೆಯದಾಗಿ, ಸಕ್ಕರೆ ಬಿಡುವ ಉತ್ಸಾಹದಲ್ಲಿರುವ ಮನೆಗಳಿಗೆ ಒಂದು ಎಚ್ಚರಿಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ, ತೋಟದಲ್ಲಿ ಹೆಚ್ಚು ದುಡಿದರೆ ರಕ್ತದ ಗ್ಲೂಕೋಸ್ ಏಕಾಏಕಿ ಇಳಿದು ಮೈ ಬೆವರಿ, ಕೈ ನಡುಗಿ, ಮಾತು ತೊದಲಿ, ಎಚ್ಚರ ತಪ್ಪುವುದುಂಟು. ಆಗ ‘ಶುಗರ್ ಫ್ರೀ’ ಗುಳಿಗೆ ಹಾಕಿದ ನೀರಿನಿಂದ ಏನೂ ಪ್ರಯೋಜನವಿಲ್ಲ. ಎಚ್ಚರವಿದ್ದು ನುಂಗಬಲ್ಲವರಾದರೆ ತಕ್ಷಣ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಇಂಥವರಿರುವ ಮನೆಯಲ್ಲಿ ಒಂದು ಸಣ್ಣ ಡಬ್ಬಿ ಸಕ್ಕರೆ ಕೈಗೆ ಸಿಗುವಂತೆ ಇರಲೇಬೇಕು. ತೋಟಕ್ಕೆ ಹೋಗುವವರು ಜೇಬಿನಲ್ಲಿಯೂ ಒಂದು ಪೊಟ್ಟಣ ಇಟ್ಟುಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ
ಚಿಕ್ಕಮಗಳೂರು